ಡಿಗ್ರಿ ಮುಗಿಸಿ ಫೆಲೋಶಿಪ್‌ಗೆ ಸೇರುತ್ತಿದ್ದೇವೆ: ಜಗಳೂರು, ಮೊಳಕಾಲ್ಮೂರು ಕಡೆ ಶಾಲೆ ಮತ್ತು ಆರೋಗ್ಯದ ಕೆಲಸ ಗೊತ್ತಿರುವವರು ದಯವಿಟ್ಟು ಬರೆಯಿರಿ

ಹರಿಹರದ ಹುಡುಗಿ

ಎಲ್ಲರಿಗೂ ನಮಸ್ಕಾರ. ಈ ವರ್ಷ ದಾವಣಗೆರೆಯಲ್ಲಿ ಬಿಎಸ್ಸಿ ಮುಗಿಸಿದೆ. ಎರಡು ವರ್ಷದ ಶಿಕ್ಷಣ ಫೆಲೋಶಿಪ್‌ಗೆ ಆಯ್ಕೆಯಾಗಿದ್ದೇನೆ, ಅಂದರೆ ಸಂಸ್ಥೆಯೊಂದು ತಿಂಗಳಿಗಿಷ್ಟು ಹಣ ಕೊಟ್ಟು ಹಳ್ಳಿಗಳ ಕಡೆ ಕೆಲಸಕ್ಕೆ ಕಳಿಸುತ್ತದೆ. ನನಗೆ ಜಗಳೂರು ತಾಲ್ಲೂಕು ಕೊಟ್ಟಿದ್ದಾರೆ. ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳ ಓದು, ಬರಹ, ಲೆಕ್ಕ ನೋಡಬೇಕು, ಶಿಕ್ಷಕರ ಜೊತೆಗಿದ್ದು ಕೆಲಸ ಮಾಡಬೇಕು. ನಮ್ಮ ಬೀದಿಯ ಗೆಳತಿ ನರ್ಸಿಂಗ್ ಮುಗಿಸಿ ಆರೋಗ್ಯದ ಫೆಲೋಶಿಪ್‌ಗೆ ಮೊಳಕಾಲ್ಮೂರಿಗೆ ಹೊರಟಿದ್ದಾಳೆ. ಅವಳೂ ಇಲ್ಲಿ ಬರೆಯುತ್ತಾಳೆ.

ತರಬೇತಿಯಲ್ಲಿ ತುಂಬಾ ಹೇಳಿಕೊಟ್ಟರು. ಆದರೆ ಶಾಲೆಗೆ ಹೋದ ಮೊದಲ ತಿಂಗಳುಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅಂತ ಅಲ್ಲೇ ಇದ್ದವರ ಬಾಯಲ್ಲಿ ಕೇಳಬೇಕು ಅನಿಸಿತು. ಮನೆಯಲ್ಲಿ ಅಪ್ಪ ಬ್ಯಾಂಕ್ ಪರೀಕ್ಷೆ ಕಟ್ಟು ಅನ್ನುತ್ತಿದ್ದಾರೆ. ನನಗೆ ಈ ಕೆಲಸ ನಿಜವಾಗಿಯೂ ಮಾಡಬೇಕು ಅಂತಿದೆ.

ಕೋಟೆ ಕೆಳಗಿನ ಮನೆ

ಅಭಿನಂದನೆ ತಂಗಿ. ನಾನು ಫೆಲೋಶಿಪ್ ಮುಗಿಸಿ ಚಿತ್ರದುರ್ಗದಲ್ಲೇ ಉಳಿದವನು, ಈಗಲೂ ಶಾಲೆಗಳ ಜೊತೆಗೇ ಕೆಲಸ. ನಿನಗೆ ಹೇಳಬೇಕಾದದ್ದು ಒಂದೇ. ಆ ತಾಲ್ಲೂಕಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ್ದು ನಿನ್ನ ಹತ್ತಿರ ಇದೆ, ಅದು ಸಮಯ. ಅದನ್ನು ಯಾರಿಗೂ ಬಿಟ್ಟುಕೊಡಬೇಡ.

ಯಾಕೆ ಅಂತ ಹೇಳುತ್ತೇನೆ. ಒಬ್ಬ ಸಿಆರ್‌ಪಿಯನ್ನು, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು ತೆಗೆದುಕೋ. ಅವರ ಕೆಲಸ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಒಂದು ಗುಂಪಿನ, ಶಾಲೆಗಳಿಗೆ ಹೋಗಿ ಪಾಠದಲ್ಲಿ ಶಿಕ್ಷಕರಿಗೆ ನೆರವಾಗುವುದು. ಆದರೆ ದಿನ ಹೋಗುವುದು ಎಸ್‌ಎಟಿಎಸ್ ಅನ್ನುವ ಇಲಾಖೆಯ ತಂತ್ರಾಂಶದಲ್ಲಿ ಮಕ್ಕಳ ಮಾಹಿತಿ ತುಂಬಿಸುವುದಕ್ಕೆ, ಶಾಲೆಗಳ ಅಂಕಿಅಂಶ ಕೇಳುವ ಯುಡೈಸ್‌ಗೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕಕ್ಕೆ, ಶೂ ಸಾಕ್ಸ್ ಲೆಕ್ಕಕ್ಕೆ, ಮಧ್ಯಾಹ್ನದೊಳಗೆ ಕಳಿಸಿ ಅಂತ ವಾಟ್ಸಾಪ್‌ನಲ್ಲಿ ಬರುವ ನಮೂನೆಗಳಿಗೆ. ಮುಖ್ಯ ಶಿಕ್ಷಕರ ಪಾಡೂ ಇದೇ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದರೆ ಐದೂ ತರಗತಿ ಇನ್ನೊಬ್ಬರ ತಲೆ ಮೇಲೆ. ಇವರಿಗೆ ಮನಸ್ಸಿಲ್ಲ ಅಂತಲ್ಲ, ಒಂದು ಮಗುವಿನ ಪಕ್ಕ ಅರ್ಧ ಗಂಟೆ ಕೂತು ಅದು ಎಲ್ಲಿ ಎಡವುತ್ತಿದೆ ಅಂತ ನೋಡಲು ಪುರುಸೊತ್ತಿಲ್ಲ.

ಆ ಅರ್ಧ ಗಂಟೆಯಲ್ಲಿ ಏನು ಕಾಣುತ್ತದೆ ಗೊತ್ತಾ? ಮೂರನೇ ತರಗತಿಯ ಒಂದು ಮಗು 'ಕಮಲ' ಸಲೀಸಾಗಿ ಓದುತ್ತದೆ, 'ಕಿಟಕಿ' ಬಂದರೆ ನಿಂತುಬಿಡುತ್ತದೆ. ಅಕ್ಷರ ಗೊತ್ತು, ಗುಣಿತಾಕ್ಷರ ಕೂತಿಲ್ಲ. ಪಕ್ಕದ ಮಗು 'ಕಿಟಕಿ' ಓದುತ್ತದೆ, 'ಅಕ್ಕ' ಅನ್ನುವುದನ್ನು 'ಅಕಕ' ಅನ್ನುತ್ತದೆ. ಅದಕ್ಕೆ ಒತ್ತಕ್ಷರದ ತೊಂದರೆ. ಇನ್ನೊಬ್ಬ 42ರಲ್ಲಿ 17 ಕಳೆದು 35 ಬರೆದಿರುತ್ತಾನೆ. ಅವನಿಗೆ ಕಳೆಯುವುದು ಬರುತ್ತದೆ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಯಾವಾಗಲೋ ಕೇಳಿದ್ದನ್ನು ಬಿಡಿಸ್ಥಾನದಲ್ಲೂ ಹಾಗೇ ಮಾಡಿದ್ದಾನೆ. ವರದಿಯಲ್ಲಿ ಈ ಮೂವರೂ 'ಹಿಂದುಳಿದವರು' ಅನ್ನುವ ಒಂದೇ ಕಾಲಂನಲ್ಲಿ ಇರುತ್ತಾರೆ. ಮೂವರಿಗೂ ಬೇಕಾದ ಪಾಠ ಮಾತ್ರ ಬೇರೆ ಬೇರೆ. ಇದನ್ನು ಕಂಡುಹಿಡಿದು ಆ ಶಿಕ್ಷಕರಿಗೆ ತೋರಿಸುವುದೇ ಮೊದಲ ವರ್ಷದ ಕೆಲಸ ಅಂತ ನಾನು ನಂಬಿದ್ದೇನೆ.

ನಲಿಕಲಿ ಮೇಡಂ

ಹೊಳಲ್ಕೆರೆ ತಾಲ್ಲೂಕಿನ ಸರ್ಕಾರಿ ಶಾಲೆ ಶಿಕ್ಷಕಿ ನಾನು. ಮೇಲಿನ ತಮ್ಮ ಸರಿಯಾಗಿ ಬರೆದಿದ್ದಾರೆ. ಶಿಕ್ಷಕರ ಕಡೆಯಿಂದ ನಾನು ಒಂದೆರಡು ಮಾತು ಸೇರಿಸುತ್ತೇನೆ.

ಫೆಲೋಗಳು ಬಂದಾಗ ಹಿಂದಿನ ಬೆಂಚಿನಲ್ಲಿ ಕೂತು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾರೆ. ನಮಗೆ ಮೊದಲು ಅನಿಸುವುದು ಇವರು ಯಾರಿಗೆ ರಿಪೋರ್ಟ್ ಕಳಿಸುತ್ತಾರೋ ಅಂತ. ವರ್ಷವಿಡೀ ಯಾರಾದರೊಬ್ಬರು ತಪಾಸಣೆಗೆ ಬರುತ್ತಲೇ ಇರುತ್ತಾರೆ ಅಲ್ವಾ, ಅದಕ್ಕೆ. ನೀವು ನೋಟ್‌ಬುಕ್ ಚೀಲದಲ್ಲಿಟ್ಟು ನಲಿ-ಕಲಿ ಕೋಣೆಯಲ್ಲಿ ಒಂದು ತಟ್ಟೆಗೆ, ಅಂದರೆ ಮಕ್ಕಳ ಒಂದು ಗುಂಪಿಗೆ, ಹೋಗಿ ಕೂರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿರುತ್ತಾರೆ. ತರಗತಿ ನೋಡಿ ಅಲ್ಲ, ಕಲಿಕೆ ಯಾವ ಮೆಟ್ಟಿಲಿಗೆ ಬಂದಿದೆ ಅಂತ ನೋಡಿ ಗುಂಪಾಗಿ ಕೂರುತ್ತಾರೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದ ತಟ್ಟೆಯಲ್ಲಿ ನಾನಿದ್ದರೆ ಉಳಿದ ತಟ್ಟೆಗಳ ಮಕ್ಕಳು ತಮ್ಮಷ್ಟಕ್ಕೆ, ಇಲ್ಲವೇ ಒಬ್ಬರಿಂದೊಬ್ಬರು ಕಲಿಯಬೇಕು. ಪುಸ್ತಕದಲ್ಲಿ ಹಾಗಿದೆ. ಕೋಣೆಯಲ್ಲಿ ಒಬ್ಬಳು ಅಳುತ್ತಿರುತ್ತಾಳೆ, ಒಬ್ಬ ಕಿಟಕಿ ಹತ್ತಿರುತ್ತಾನೆ. ಅಲ್ಲಿ ಇನ್ನೊಂದು ಜೋಡಿ ಕೈ ಇದ್ದರೆ ನನಗೆ ಎಷ್ಟು ಉಪಕಾರ!

ಇನ್ನೊಂದು ವಿಷಯ. ಹೊಸದಾಗಿ ಬಂದವರು ನಲಿ-ಕಲಿ ಬಗ್ಗೆ ಹಗುರವಾಗಿ ಮಾತಾಡುವುದನ್ನು ಕೇಳಿ ಬೇಜಾರಾಗಿದೆ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಎಲ್ಲ ತರಗತಿ ಮಕ್ಕಳು ಒಟ್ಟಿಗೆ ಕಲಿಯುವುದನ್ನು ನೋಡಿ, ನಮ್ಮ ಪಠ್ಯಕ್ಕೆ ಹೊಂದಿಸಿ ಕಟ್ಟಿದ್ದು ಇದು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ದೊಡ್ಡದಾಗುವಾಗ ಬಲ ಕಳೆದುಕೊಂಡಿರಬಹುದು, ಕಲಿಕೆಯ ಕಾರ್ಡುಗಳು ಹರಿದಿರುತ್ತವೆ, ಕೆಲವು ಕಡೆ ಕಲಿಕೆಯ ಮೈಲಿಗಲ್ಲುಗಳನ್ನು ಸುಮ್ನೆ ಟಿಕ್ ಮಾಡುತ್ತಾರೆ, ಇದೆಲ್ಲ ನಿಜ. ಆದರೂ ಅದು ಶಿಕ್ಷಕರು ಮಾಡಿದ ಕೆಲಸ. ಅಲ್ಲಿಂದ ಶುರು ಮಾಡಿದರೆ ನಾವು ನಿಮ್ಮ ಜೊತೆ ಬರುತ್ತೇವೆ.

ಶೇಂಗಾ ಹೊಲ

ನಾನು ಚಳ್ಳಕೆರೆ ಕಡೆಯವನು. ನನ್ನ ಮಗಳೂ ಇಂಥದ್ದೇ ಒಂದಕ್ಕೆ ಅರ್ಜಿ ಹಾಕಿದ್ದಾಳೆ, ಹಾಗಾಗಿ ಓದುತ್ತಿದ್ದೇನೆ. ಒಂದು ಮಾತು ಕೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ.

ನಮ್ಮೂರ ಶಾಲೆಗೂ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಹುಡುಗ. ಮಕ್ಕಳು ಅವನನ್ನು ಹಚ್ಚಿಕೊಂಡರು, ಗೋಡೆ ಮೇಲೆ ಚಿತ್ರ ಬರೆಸಿದ, ಸಂಜೆ ಪಾಠ ಹೇಳಿದ. ಅವಧಿ ಮುಗಿಯಿತು, ಹೋದ. ಸಂಜೆ ಪಾಠ ಅವತ್ತಿಗೇ ನಿಂತಿತು. ಮಕ್ಕಳು ಸ್ವಲ್ಪ ದಿನ ಕೇಳಿದರು, ಆಮೇಲೆ ಸುಮ್ಮನಾದರು. ಬಂದು ಹೋಗುವವರು ಕಲಿಯುವುದಕ್ಕೆ ನಮ್ಮ ಮಕ್ಕಳ ಎರಡು ವರ್ಷ ಹೋಯಿತಾ ಅಂತ ನನಗೆ ಅನಿಸಿದೆ. ಎರಡನೆಯದು ಮನೆಯ ವಿಷಯ. ಎರಡು ವರ್ಷ ಇದರಲ್ಲಿ ಕಳೆದರೆ ಮುಂದೆ ಏನು? ಮಗಳ ಮನಸ್ಸು ಮುರಿಯಲು ಇಷ್ಟವಿಲ್ಲ, ಆದರೆ ಅಪ್ಪನಾಗಿ ಕೇಳಲೇಬೇಕು.

ಕೋಟೆ ಕೆಳಗಿನ ಮನೆ

ಅಣ್ಣ, ನಿಮ್ಮ ಪ್ರಶ್ನೆ ಪ್ರತಿ ಫೆಲೋನೂ ಕೇಳಿಕೊಳ್ಳಬೇಕಾದದ್ದು. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ.

ಸಂಜೆ ಪಾಠ ನಿಂತದ್ದು ಯಾಕೆ? ಅದನ್ನು ಹುಡುಗ ಒಬ್ಬನೇ ಹೊತ್ತಿದ್ದ. ಅವನು ಹೋದ ಮೇಲೆ ಹೊರಲು ಊರಿನಲ್ಲಿ ಯಾರೂ ಇರಲಿಲ್ಲ. ನಾನು ನೋಡಿದ ಮಟ್ಟಿಗೆ ಉಳಿದ ಕೆಲಸಗಳೆಲ್ಲ ಮೊದಲಿನಿಂದಲೂ ಊರಿನವರ ಕೈಯಲ್ಲೇ ಇದ್ದವು. ಒಂದು ಕ್ಲಸ್ಟರಿನ ತಿಂಗಳ ಸಮಾಲೋಚನಾ ಸಭೆಯಲ್ಲಿ ಮೊದಲು ಸುತ್ತೋಲೆ ಓದುವುದು, ಟೀ ಕುಡಿಯುವುದು, ಸಹಿ ಹಾಕುವುದು ಇಷ್ಟೇ ಇತ್ತು. ಒಬ್ಬರು ಶಿಕ್ಷಕಿ ತಮ್ಮ ಮಕ್ಕಳ ನೋಟ್‌ಬುಕ್ ತಂದು, ಈ ಮಗು ಯಾಕೆ ಹೀಗೆ ಬರೆದಿದೆ ಹೇಳಿ ಅಂತ ಎಲ್ಲರ ಮುಂದೆ ಇಟ್ಟರು. ಫೆಲೋ ಮಾಡಿದ್ದು ಆ ನೋಟ್‌ಬುಕ್ ತರುವಂತೆ ಅವರಿಗೆ ಧೈರ್ಯ ಹೇಳಿದ್ದಷ್ಟೇ. ಅದು ಈಗಲೂ ನಡೆಯುತ್ತಿದೆ. ಹಾಗೆಯೇ ಗ್ರಾಮ ಪಂಚಾಯ್ತಿ ಗ್ರಂಥಾಲಯ. 2020ರಲ್ಲಿ 'ಓದುವ ಬೆಳಕು' ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿ ಮೇಲ್ವಿಚಾರಕರು ಇದ್ದಾರೆ, ಪುಸ್ತಕ ಇದೆ. ಸಂಜೆ ಓದನ್ನು ಅಲ್ಲಿಗೆ ಕಟ್ಟಿದರೆ ಫೆಲೋ ಹೋದರೂ ಬಾಗಿಲು ತೆರೆದಿರುತ್ತದೆ.

ಆದ್ದರಿಂದ ತಂಗಿ, ಯಾವ ಕೆಲಸ ಹಿಡಿದರೂ ಇದು ಮುಂದೆ ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ಶುರುವಿನಲ್ಲೇ ಬರೆದಿಟ್ಟುಕೋ. ಹೆಸರು ಹೊಳೆಯದಿದ್ದರೆ ಆ ಕೆಲಸ ಹಿಡಿಯಬೇಡ.

ಮುಂದೇನು ಅನ್ನುವುದಕ್ಕೆ: ನನಗೆ ಗೊತ್ತಿರುವವರಲ್ಲಿ ಕೆಲವರು ಬಿಎಡ್ ಮಾಡಿ ಶಿಕ್ಷಕರಾದರು, ಕೆಲವರು ಶಿಕ್ಷಣದಲ್ಲಿ ಎಂಎ ಮಾಡಿದರು, ಆರೋಗ್ಯದ ಕಡೆಯವರು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಓದಿದರು. ಕೆಎಎಸ್‌ಗೆ ಕೂತವರೂ ಇದ್ದಾರೆ. ತಿಂಗಳಿಗೆ ಬರುವ ಹಣದಲ್ಲಿ ತಾಲ್ಲೂಕು ಕೇಂದ್ರದಲ್ಲಿ ರೂಮು, ಊಟ, ಓಡಾಟ ಆಗುತ್ತದೆ. ಮನೆಗೆ ಕಳಿಸುವಷ್ಟು ಉಳಿಯುವುದು ಕಷ್ಟ. ಮನೆಯಲ್ಲಿ ಸಾಲ ಇದ್ದರೆ, ತಂಗಿ ತಮ್ಮಂದಿರ ಓದು ಸೇರುವವರ ದುಡಿಮೆ ಮೇಲೆ ನಿಂತಿದ್ದರೆ, ಸೇರುವ ಮೊದಲೇ ಕೂತು ಲೆಕ್ಕ ಹಾಕಬೇಕು.

ಸಬ್‌ಸೆಂಟರ್ ಅಕ್ಕ

ಆರೋಗ್ಯದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಹಿರಿಯೂರು ತಾಲ್ಲೂಕಿನಲ್ಲಿ ಸಿಎಚ್‌ಓ, ಅಂದರೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಆಗಿದ್ದೇನೆ.

ಲೆಕ್ಕದ ಪ್ರಕಾರ ನಮ್ಮಂಥ ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), ಸುಮಾರು 1,000 ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ. ಹೊಸದಾಗಿ ಬಂದವರು ಮೊದಲು ಪಿಎಚ್‌ಸಿ ಡಾಕ್ಟರ ಹತ್ತಿರ ಹೋಗುತ್ತಾರೆ, ಅದು ಸರಿ, ಅನುಮತಿ ಬೇಕು. ಆಮೇಲೆ ಮಾತ್ರ ಆಶಾ ಅಕ್ಕನ ಹಿಂದೆ ನಡೆಯಿರಿ. ಯಾವ ಮನೆಯಲ್ಲಿ ಸೊಸೆಗೆ ಎಷ್ಟನೇ ತಿಂಗಳು, ಯಾರು ಗುಟ್ಟಾಗಿ ಮಾತ್ರೆ ಎಸೆಯುತ್ತಾರೆ, ಯಾವ ಮುದುಕರಿಗೆ ಟಿಬಿ ಮಾತ್ರೆ ನಿಂತಿದೆ, ಎಲ್ಲ ಅವರಿಗೆ ಗೊತ್ತು. ಆ್ಯಪ್‌ಗಿಂತ ಜಾಸ್ತಿ ಗೊತ್ತು. ಅದೇ ಆಶಾಗಳು 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂರಬೇಕಾಯಿತು. ಅವರ ಮನೆಯ ಖರ್ಚು ಹೇಗೆ ನಡೆಯುತ್ತದೆ ಅಂತ ತಿಳಿಯದೆ ಅವರಿಗೆ ಇನ್ನೊಂದು ಸರ್ವೆ ಫಾರಂ ಕೊಡಬೇಡಿ. ಕೈಮುಗಿದು ಕೇಳುತ್ತೇನೆ.

ರಕ್ತಹೀನತೆಯ ಬಗ್ಗೆ ನಿಮಗೆ ತರಬೇತಿಯಲ್ಲಿ ಹೇಳಿರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತ ಕಡಿಮೆ. ಅದಕ್ಕೂ ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚಾಗಿವೆ. ಮಾತ್ರೆ ಇಲ್ಲ ಅಂತಲ್ಲ. ಬಸುರಿಗೆ 180 ದಿನದ ಕಬ್ಬಿಣಾಂಶದ ಮಾತ್ರೆ ಉಚಿತವಾಗಿ ಸಿಗುತ್ತದೆ. ನುಂಗಿದ ಮೇಲೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಹೆದರಿ ಬಿಡುತ್ತಾರೆ. ಕಪ್ಪಗಾಗುವುದು ಸಹಜ, ಹೆದರಬೇಡಮ್ಮ ಅಂತ ಮೊದಲೇ ಹೇಳಿದರೆ ಅರ್ಧ ಜನ ಬಿಡುವುದಿಲ್ಲ, ಇದು ನನ್ನ ಅನುಭವ. ಇನ್ನು ಕೆಲವರು ಊಟವಾಗಿ ಮಾತ್ರೆ ನುಂಗಿ ಮೇಲೆ ಒಂದು ಲೋಟ ಟೀ ಕುಡಿಯುತ್ತಾರೆ. ಟೀ ಜೊತೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದನ್ನೆಲ್ಲ ಹೇಳಲು ಪ್ರತಿ ಮನೆಯಲ್ಲಿ ಕೂರಬೇಕು. ಕೂರಲು ನಮಗೆ ಸಮಯವಿಲ್ಲ. ಕೋಟೆ ತಮ್ಮ ಹೇಳಿದ ಮಾತು ಇಲ್ಲಿಗೂ ಹೊಂದುತ್ತದೆ ನೋಡಿ.

ಇನ್ನೊಂದು, ಚೊಚ್ಚಲ ಬಸುರಿ ತವರಿಗೆ ಹೋಗುವುದು. ಏಳನೇ ತಿಂಗಳಾದ ಮೇಲೆ ಹೋಗುತ್ತಾಳೆ. ಇಲ್ಲಿನ ಆಶಾ ಪುಸ್ತಕದಲ್ಲಿ ಅವಳ ಹೆಸರಿದೆ, ಅವಳಿಲ್ಲ. ಅಲ್ಲಿನ ಆಶಾಗೆ ಅವಳು ಬಂದದ್ದೇ ತಡವಾಗಿ ಗೊತ್ತಾಗುತ್ತದೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದವಳು ಹೀಗೆ ನಡುವೆ ಕಳೆದುಹೋದರೆ ಹೆರಿಗೆಯಲ್ಲಿ ಪ್ರಾಣಕ್ಕೇ ಬರುತ್ತದೆ. ಹೊರಡುವ ಮೊದಲು ತಾಯಿ ಕಾರ್ಡ್ ತುಂಬಿದೆಯಾ ನೋಡಿ, ತವರೂರಿನ ಆಶಾ ನಂಬರ್ ಹುಡುಕಿ ಒಂದು ಫೋನ್ ಮಾಡಿಸಿ. ಒಬ್ಬ ಫೆಲೋ ಎರಡು ವರ್ಷ ಇದೊಂದನ್ನೇ ಸರಿಯಾಗಿ ನಡೆಯುವಂತೆ ಮಾಡಿದರೂ ನಾನು ಅವರನ್ನು ಮರೆಯುವುದಿಲ್ಲ.

ಮೊಳಕಾಲ್ಮೂರಿಗೆ ಹೊರಟವಳು

ಅಕ್ಕ, ನಾನೇ ಆ ಗೆಳತಿ. ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ. ಗಡಿ ಹಳ್ಳಿಗಳಲ್ಲಿ ತೆಲುಗು ಮಾತಾಡುತ್ತಾರಂತೆ, ನನಗೆ ಬರುವುದಿಲ್ಲ. ಮತ್ತೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯರನ್ನು ಹಟ್ಟಿಯಿಂದ ಹೊರಗೆ ಇಡುತ್ತಾರೆ ಅಂತ ಓದಿದ್ದೇನೆ. ಅಂಥಾ ಕಡೆ ನಾನು ಹೇಗೆ ಮಾತಾಡಲಿ?

ಸಬ್‌ಸೆಂಟರ್ ಅಕ್ಕ

ತೆಲುಗು ಕಲಿಯುತ್ತೀಯ ಬಿಡು, ಕಿವಿಗೆ ಬೀಳುತ್ತಾ ಬೀಳುತ್ತಾ ಬರುತ್ತದೆ. ಅಲ್ಲಿಯವರಿಗೆ ಕನ್ನಡ ಗೊತ್ತು. ಆದರೆ ನೋವು, ಸುಸ್ತು, ಮುಟ್ಟು, ಹೆರಿಗೆ ಇವನ್ನೆಲ್ಲ ಹೆಂಗಸರು ಮನೆಮಾತಲ್ಲೇ ಹೇಳುತ್ತಾರೆ. ಆ ಮಾತುಗಳನ್ನು ಮೊದಲು ಕಲಿ.

ಹಟ್ಟಿಯ ವಿಷಯ ಕಷ್ಟದ್ದು. ಎಲ್ಲ ಹಟ್ಟಿಗಳೂ ಒಂದೇ ಥರ ಇಲ್ಲ, ಕೆಲವು ಕಡೆ ತುಂಬಾ ಬದಲಾಗಿದೆ. ಆದರೆ 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯ ಹೊರಗೆ, ಮಳೆಯಲ್ಲಿ, ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡದ್ದನ್ನು ನಾವು ಮರೆಯಬಾರದು. ಅದು ನಿಲ್ಲಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಹೇಗೆ ನಿಲ್ಲಿಸುವುದು ಅನ್ನುವುದು ಬೇರೆ. ಹೊರಗಿನಿಂದ ಬಂದವರು ಮೊದಲ ದಿನವೇ ಫೋಟೋ ತೆಗೆದು ಭಾಷಣ ಮಾಡಿದರೆ ಮುಂದಿನ ಸಲ ಬಾಣಂತಿ ಎಲ್ಲಿದ್ದಾಳೆ ಅಂತಲೂ ಹೇಳುವುದಿಲ್ಲ. ಅದೇ ಸಮುದಾಯದ ಓದಿದ ಹುಡುಗಿಯರು, ಅಂಗನವಾಡಿ ಕಾರ್ಯಕರ್ತೆಯರು ಇರುತ್ತಾರೆ, ಅವರ ಜೊತೆ ಹೋಗು. ಅತ್ತೆಯಂದಿರ ಜೊತೆ ಮಾತಾಡು, ಮನೆಯಲ್ಲಿ ಅವರ ಮಾತೇ ನಡೆಯುವುದು. ಮಗು ತಣ್ಣಗಾದರೆ ಏನಾಗುತ್ತದೆ, ಎದೆಗೆ ಒತ್ತಿ ಹಿಡಿದರೆ ಹೇಗೆ ಬೆಚ್ಚಗಾಗುತ್ತದೆ ಅಂತ ತೋರಿಸು. ಹೊರಗಿಟ್ಟ ಮಗು ಜ್ವರದಲ್ಲೋ ಚಳಿಯಲ್ಲೋ ಇದ್ದರೆ ಮಾತ್ರ ಕಾಯಬೇಡ, ಆ ಕ್ಷಣವೇ ಪಿಎಚ್‌ಸಿಗೆ ಫೋನ್ ಮಾಡು, 108 ಕರೆಸು.

ಫ್ಲೋರೈಡ್ ಬಗ್ಗೆಯೂ ಗಮನವಿರಲಿ. ಜಗಳೂರು, ಚಳ್ಳಕೆರೆ ಕಡೆ ಆಳದ ಬೋರ್ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯುವ ನೀರಲ್ಲ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಗ್ರಾಮ ಪಂಚಾಯ್ತಿಯ ಪಿಡಿಓ ಹತ್ತಿರ ಅರ್ಜಿ ಕೊಡಿಸುವುದು ಕೂಡ ಆರೋಗ್ಯದ ಕೆಲಸವೇ.

ಶಿವಗಂಗೋತ್ರಿ ಎಂಎಸ್‌ಡಬ್ಲ್ಯೂ

ನನಗೆ ಬೇರೆಯದೇ ಒಂದು ಹೊಟ್ಟೆಯುರಿ ಇದೆ, ಹೇಳಿಬಿಡುತ್ತೇನೆ. ಗಾಂಧಿ ಫೆಲೋಶಿಪ್ 2008ರಿಂದ ಇದೆ, ಟೀಚ್ ಫಾರ್ ಇಂಡಿಯಾ 2009ರಿಂದ, ಎಸ್‌ಬಿಐ ಯೂತ್ ಫಾರ್ ಇಂಡಿಯಾ 2011ರಿಂದ. ಮೊದಲ ಎರಡು ಎರಡೆರಡು ವರ್ಷದವು, ಮೂರನೆಯದು 13 ತಿಂಗಳು. ಟೀಚ್ ಫಾರ್ ಇಂಡಿಯಾ ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಶಾಲೆಗಳಲ್ಲಿ, ಅಲ್ಲಿ ಫೆಲೋನೇ ಪೂರ್ಣಾವಧಿ ಪಾಠ ಮಾಡುತ್ತಾರೆ. ಇಷ್ಟು ವರ್ಷದಿಂದ ಇವೆಲ್ಲ ಇದ್ದರೂ ದಾವಣಗೆರೆ ವಿಶ್ವವಿದ್ಯಾಲಯದ ನಮ್ಮ ಸಮಾಜಕಾರ್ಯ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೆಸರೇ ಕೇಳಿರಲಿಲ್ಲ. ದಾವಣಗೆರೆಯಲ್ಲಿ ಇಷ್ಟು ಕಾಲೇಜುಗಳಿವೆ, ವಿಶ್ವವಿದ್ಯಾಲಯ ಶುರುವಾದದ್ದೇ 2009ರಲ್ಲಿ. ಪ್ಲೇಸ್‌ಮೆಂಟ್ ಅಂದರೆ ನಮ್ಮಲ್ಲಿ ಸಾಲ ವಸೂಲಿ ಕಂಪನಿ ಬರುತ್ತದೆ, ಫೆಲೋಶಿಪ್‌ನವರು ಬರುವುದಿಲ್ಲ.

ನಾನೂ ಒಂದಕ್ಕೆ ಅರ್ಜಿ ಹಾಕಿದ್ದೆ. ಪ್ರಬಂಧ ಇಂಗ್ಲಿಷ್, ಗುಂಪು ಚರ್ಚೆ ಇಂಗ್ಲಿಷ್, ಸಂದರ್ಶನವೂ ಇಂಗ್ಲಿಷ್. ಕೆಲಸ ಮಾತ್ರ ಕನ್ನಡ ಶಾಲೆಯಲ್ಲಿ, ಲಂಬಾಣಿಗರ ತಾಂಡಾದಲ್ಲಿ. ನನಗೆ ಲಂಬಾಣಿ ಬರುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಅಪ್ಪ ಅಮ್ಮನ ಜೊತೆ ಮಕ್ಕಳು ಚಿಕ್ಕಮಗಳೂರು ಕಡೆ ಹೋದಾಗ ಹಾಜರಿ ಪುಸ್ತಕದಲ್ಲಿ ಏನಾಗುತ್ತದೆ ಅಂತ ಗೊತ್ತು, ನಾನೇ ಹಾಗೆ ಹೋದವನು. ಅದನ್ನು ಹೇಳಲು ಅಲ್ಲಿ ಅವಕಾಶವೇ ಸಿಗಲಿಲ್ಲ.

ನಲಿಕಲಿ ಮೇಡಂ

ತಮ್ಮಾ, ನೀನು ಮತ್ತೆ ಅರ್ಜಿ ಹಾಕು. ನಮ್ಮ ಶಾಲೆಗೆ ತಾಂಡಾದಿಂದ ಬರುವ ಒಂದನೇ ತರಗತಿ ಮಕ್ಕಳು ಮೊದಲ ತಿಂಗಳುಗಳಲ್ಲಿ ಬಾಯಿಯೇ ಬಿಡುವುದಿಲ್ಲ. ಮಕ್ಕಳು ದಡ್ಡರು ಅಂತ ಬರೆದುಬಿಡುತ್ತಾರೆ. ಅವರ ಮಾತಲ್ಲಿ ಎರಡು ಹಾಡು, ಒಂದು ಕಥೆ ಹೇಳುವ ಅಣ್ಣನೊಬ್ಬ ಕೋಣೆಯಲ್ಲಿದ್ದರೆ ಅದೇ ಮಕ್ಕಳು ಬೆಂಚು ಹತ್ತಿ ಕುಣಿಯುತ್ತಾರೆ.

ಕೋಟೆ ಕೆಳಗಿನ ಮನೆ

ಇದನ್ನು ಸಂಸ್ಥೆಗಳವರು ಯಾರಾದರೂ ಓದುತ್ತಿದ್ದರೆ ನನ್ನದು ಒಂದೇ ಬೇಡಿಕೆ. ಈ ಜಿಲ್ಲೆಗಳಿಗೆ ಬರುವ ಫೆಲೋಗಳ ಆಯ್ಕೆಯನ್ನು ಕನ್ನಡದಲ್ಲಿ ಮಾಡಿ. ಹೊರಗಿನವರು ಬರಬಾರದು ಅಂತಲ್ಲ, ನನ್ನ ಜೊತೆ ದೂರದ ರಾಜ್ಯಗಳಿಂದ ಬಂದು ಜೀವ ಕೊಟ್ಟು ಕೆಲಸ ಮಾಡಿದವರಿದ್ದರು. ಆದರೆ ಅವರ ಮೊದಲ ವರ್ಷದ ಬಹುಪಾಲು ಮಾತು ಕಲಿಯುವುದಕ್ಕೇ ಹೋಯಿತು. ಎರಡೇ ವರ್ಷದ ಕೆಲಸದಲ್ಲಿ ಅದು ಸಣ್ಣ ಖರ್ಚಲ್ಲ. ತಾಂಡಾದ ಹುಡುಗ ತಾಂಡಾದ ಶಾಲೆಗೆ ಹೋದರೆ ಶೇಂಗಾ ಹೊಲದ ಅಣ್ಣ ಕೇಳಿದ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ, ಅವಧಿ ಮುಗಿದ ಮೇಲೂ ಅವನು ಅದೇ ಸೀಮೆಯವನಾಗಿ ಇರುತ್ತಾನೆ.

ಹರಿಹರದ ಹುಡುಗಿ

ಎಲ್ಲರ ಬರಹವನ್ನೂ ಮತ್ತೆ ಮತ್ತೆ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಆದರೆ ಜಗಳೂರಿನಲ್ಲಿ ರೂಮು ನೋಡಲು ತಾವೂ ಬರುತ್ತೇನೆ ಅಂದರು.

ಕೊನೆಯದಾಗಿ ಒಂದು ಕೇಳಬೇಕು. ಕಂಪ್ಯೂಟರ್ ಬರುತ್ತದೆ ಅಂತ ಗೊತ್ತಾದರೆ ಕಚೇರಿಯಲ್ಲೇ ಡೇಟಾ ಎಂಟ್ರಿಗೆ ಕೂರಿಸುತ್ತಾರೆ ಅಂತ ಹಿಂದಿನ ಬ್ಯಾಚಿನವರು ಹೇಳಿದರು. ದೊಡ್ಡವರಿಗೆ ಆಗಲ್ಲ ಅಂತ ಹೇಗೆ ಹೇಳುವುದು?

ಕೋಟೆ ಕೆಳಗಿನ ಮನೆ

ಮೊದಲ ಭೇಟಿಯಲ್ಲೇ ನಿನ್ನ ಸಂಸ್ಥೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ವಾರದಲ್ಲಿ ಯಾವ ದಿನ ಯಾವ ಶಾಲೆ ಅಂತ ಒಂದು ಹಾಳೆ ಬಿಇಓ ಅವರ ಕೈಗೆ ಕೊಡು, ಅವರ ಸಹಿ ಹಾಕಿಸಿಕೋ. ತಿಂಗಳ ಕೊನೆಯಲ್ಲಿ ಒಂದು ದಿನ ಕಚೇರಿಗೆ ಅಂತ ನೀನೇ ಬರೆದುಕೊಡು. ಆ ದಿನ ಮನಸ್ಸಿಟ್ಟು ಸಹಾಯ ಮಾಡು, ಅಲ್ಲಿನವರಿಗೂ ಕೆಲಸದ ಒತ್ತಡ ವಿಪರೀತ ಇದೆ. ಉಳಿದ ದಿನ ಕರೆ ಬಂದರೆ ಶಾಲೆಯಲ್ಲಿದ್ದೇನೆ ಸರ್, ಆ ದಿನ ಬಂದು ಮಾಡಿಕೊಡುತ್ತೇನೆ ಅಂದರೆ ಸಾಕು. ಜಗಳ ಆಗುವುದಿಲ್ಲ.

ನಲಿಕಲಿ ಮೇಡಂ

ಮತ್ತೆ ಹುಡುಗಿ, ಜೂನ್ ಮೊದಲ ವಾರ ದಾಖಲಾತಿ, ಪುಸ್ತಕ ಹಂಚುವುದು ಇದರಲ್ಲೇ ನಾವು ಮುಳುಗಿರುತ್ತೇವೆ. ಆಗ ಬಂದರೆ ಪುಸ್ತಕ ಹಂಚಲು ಕೈಜೋಡಿಸು, ಮಕ್ಕಳ ಹೆಸರು ಕಲಿ. ಓದಿಸಿ ನೋಡುವ ಕೆಲಸ ಎರಡು ವಾರ ಬಿಟ್ಟು ಶುರು ಮಾಡು. ಓದಿಸುವಾಗ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಬೇಡ, ಜಗುಲಿ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು ಓದಿಸು. ತಪ್ಪಿದ್ದನ್ನು ಆಮೇಲೆ ಬರೆದುಕೋ, ಮಗುವಿನ ಎದುರಿಗೆ ಬೇಡ. ಮತ್ತು ಬರೆದದ್ದನ್ನು ಮೊದಲು ತೋರಿಸಬೇಕಾದ್ದು ಆ ತರಗತಿಯ ಶಿಕ್ಷಕರಿಗೆ, ನಿಮ್ಮ ಗ್ರೂಪಿಗಲ್ಲ.